ಹೆಂಗಸರ ಕಡೆಯ ಗೋಡೆ

ಬಯಾಬಿಲನಿಗೆ ಬದುಕಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳಲು ಒಂದೇ ಒಂದು ವಿಷಯವಿತ್ತು. ಒಂಬತ್ತು ವರ್ಷದವನಿದ್ದಾಗ ಮಾರಿಯಂ ಇಗರ್ಜಿಯ ಒಳಗೋಡೆಯ ಮೇಲೆ ಅವನು ನೋಡಿದ್ದ ಒಂದು ಚಿತ್ರ. ಮರುವರ್ಷ ಹುಲ್ಲಿನ ಮಾಡು ಕಿತ್ತು ತಗಡು ಹೊದಿಸುವಾಗ, ಮಳೆಗೆ ಸೋರಿ ಸೋರಿ ಹಪ್ಪಳದಂತೆ ಎದ್ದಿದ್ದ, ಗೋಡೆಗೆ ಅಂಟಿಸಿದ್ದ ಚಿತ್ರದ ಬಟ್ಟೆಯನ್ನು ಕೆರೆದು ಬಿಸಾಡಿದ್ದರು. ಹಾಗಾಗಿ ಅವನ ಮಾತನ್ನು ಅಲ್ಲವೆನ್ನಲು ಗೋಡೆಯ ಮೇಲೆ ಏನೂ ಉಳಿದಿರಲಿಲ್ಲ.

ಚಿತ್ರದಲ್ಲಿದ್ದವನು ತನ್ನ ಅಜ್ಜ ಯಿಗ್ಜಾವ್ ಎಂದು ಅವನು ಹೇಳುತ್ತಿದ್ದ. ಕೆಂಪಂಚಿನ ಬಿಳಿ ಹೊದಿಕೆ, ಕೈಯಲ್ಲಿ ಸೋರೆಬುರುಡೆ, ಎದುರಿಗೆ ಬೊಗಸೆಯೊಡ್ಡಿದ ಒಬ್ಬ ಬಡವ. ಕೆಳಗೆ ಅಜ್ಜನ ಹೆಸರು. ಬಾಯಾರಿದವರಿಗೆ ನೀರು ಕೊಟ್ಟ ವಂಶ ನಮ್ಮದು ಎನ್ನುತ್ತಿದ್ದ. ಯಾರ ಮನೆಯಲ್ಲಿ ಕಾಫಿ ಹುರಿಯುವ ವಾಸನೆ ಬಂದರೂ ಅಲ್ಲಿ ಹೋಗಿ ಕೂರುತ್ತಿದ್ದ. ಮೊದಲನೆಯ ಸುತ್ತಿನ ಕಾಫಿಗೆ ಅಜ್ಜನ ಹೊದಿಕೆ ಬರುತ್ತಿತ್ತು, ಎರಡನೆಯದಕ್ಕೆ ಸೋರೆಬುರುಡೆ. ಮೂರನೆಯ ಸುತ್ತಿಗೆ ಮನೆಯವರು ಕೆಲಸ ನೆನಪಿಸಿಕೊಂಡು ಏಳುತ್ತಿದ್ದರು. ಜಿಲ್ಲಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಮೊಹರು ಒತ್ತಿದವನು ಅವನು. ಈ ಅವಧಿಯಲ್ಲಿ ಯಾರಿಗಾದರೂ ಒಂದು ಲೋಟ ನೀರು ಕೊಟ್ಟದ್ದನ್ನು ಗೊಜ್ಜಾಮ್ ಸೀಮೆಯ ನಮ್ಮ ಈ ಪೇಟೆಯಲ್ಲಿ ಯಾರೂ ಕಂಡಿಲ್ಲ. ಕಾಗದ ಹಿಡಿದು ಬಂದ ರೈತರನ್ನು ಬಿಸಿಲಲ್ಲಿ ನಿಲ್ಲಿಸಿ, ಕುದುರೆಬಾಲದ ಚವರಿಯಿಂದ ನೊಣ ಓಡಿಸಿಕೊಳ್ಳುತ್ತಾ ಕೂತಿರುತ್ತಿದ್ದುದನ್ನು ಮಾತ್ರ ಎಲ್ಲರೂ ಕಂಡಿದ್ದಾರೆ.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಅವನಿಗೊಬ್ಬ ಮಗಳಿದ್ದಳು, ಅಸ್ನಾಕು. ಆರೋಗ್ಯ ಕೇಂದ್ರದಲ್ಲಿ ಮಕ್ಕಳಿಗೆ ಸೂಜಿ ಚುಚ್ಚುವ ಕೆಲಸ, ಮೆಲುದನಿ, ಇಪ್ಪತ್ತೇಳು ವರ್ಷ. ಕೈಪಂಪು ರಿಪೇರಿ ಮಾಡುವ ಮುಲಾತನನ್ನು ಅವಳು ಮದುವೆಯಾಗಬೇಕೆಂದಿದ್ದಳು. ಮುಲಾತನ ತಾಯಿ ಲಾಕೆಚ್ ಮಡಕೆ ಮಾಡುವವಳು, ಹೊಳೆಯಾಚೆಯ ಕುಂಬಾರಕೇರಿಯವಳು. ಕುಂಬಾರರ ಕಣ್ಣು ಕೆಟ್ಟದ್ದು, ಅವರು ನೋಡಿದರೆ ಮನುಷ್ಯ ಒಳಗೊಳಗೇ ತಿನ್ನಿಸಿಕೊಂಡು ಸಾಯುತ್ತಾನೆ ಎಂಬ ಮಾತು ನಮ್ಮಲ್ಲಿ ಇಂದಿಗೂ ಇದೆ. ಪೇಟೆಯವರು ಅವಳ ಮಡಕೆಯಲ್ಲಿ ಅಡುಗೆ ಮಾಡುತ್ತಾರೆ, ಅವಳ ಜೊತೆ ಊಟಕ್ಕೆ ಕೂರುವುದಿಲ್ಲ.

ಮುಲಾತನ ಪರವಾಗಿ ಹೆಣ್ಣು ಕೇಳಲು ಮೂವರು ಹಿರಿಯರು ಬಂದಾಗ ಬಯಾಬಿಲ್ ಅವರನ್ನು ಬೇಲಿಯೊಳಗೆ ಕರೆಯಲಿಲ್ಲ. ನಿಂತಲ್ಲೇ ಚಿತ್ರದ ಕಥೆ ಹೇಳಿದ.

“ನೀರು ಕೊಟ್ಟವರ ಮನೆ ಹೆಣ್ಣನ್ನ ಮನುಷ್ಯರನ್ನ ತಿನ್ನೋರ ಮನೆಗೆ ಕೊಡ್ತಾರೇನ್ರೀ?” ಎಂದ. “ನೀವೂ ವಯಸ್ಸಾದೋರು. ಇಂಥ ಮಾತು ಹೊತ್ಕೊಂಡು ಬರೋಕೆ ನಾಚಿಕೆ ಆಗ್ಲಿಲ್ವಾ?”

ಹಿರಿಯರು ಹೊದಿಕೆ ಸರಿಮಾಡಿಕೊಂಡು ಹಿಂದಿರುಗಿದರು. ಅಸ್ನಾಕು ಒಳಗೆ ನಿಂತು ಕೇಳಿಸಿಕೊಂಡಳು. ತಂದೆಯ ಒಪ್ಪಿಗೆಯಿಲ್ಲದೆ ಹೋದರೆ ಮನೆತನದ ಮುಖಕ್ಕೆ ಮಸಿ ಬಳಿದವಳು ತಾನಾಗುತ್ತೇನೆ ಎಂಬ ಅಂಜಿಕೆ ಅವಳಿಗೆ. ಚಿಕ್ಕಂದಿನಿಂದ ಆ ಸೋರೆಬುರುಡೆಯ ಕಥೆ ಕುಡಿದೇ ಬೆಳೆದವಳಲ್ಲವೇ? ಅವಳಿಗೂ ಅದು ನಿಜವೇ ಆಗಿತ್ತು.

ಆ ವರ್ಷವೇ ಇಗರ್ಜಿಯ ಸಮಿತಿಯವರು ಬೋಳುಗೋಡೆಗೆ ಮತ್ತೆ ಚಿತ್ರ ಬರೆಸಲು ನಿರ್ಧರಿಸಿ ಅಲೆಕಾ ಮೆಜ್ಗೆಬು ಅವರನ್ನು ಕರೆಸಿದರು. ಅಲೆಕಾ ಎಂದರೆ ಶಾಸ್ತ್ರ ಓದಿದವರಿಗೆ ನಾವು ಕೊಡುವ ಮರ್ಯಾದೆಯ ಹೆಸರು. ಇವರು ಶಾಸ್ತ್ರವನ್ನೂ ಓದಿದ್ದರು, ಚಿತ್ರವನ್ನೂ ಬರೆಯುತ್ತಿದ್ದರು. ಹಿಂದೆ ಗೋಡೆಯಲ್ಲಿ ಏನಿತ್ತೋ ಅದನ್ನೇ ಬರೆಯಬೇಕೆಂಬುದು ಅವರ ಪಟ್ಟು. ಇಗರ್ಜಿಯ ಅಂಗಳದ ಕಾಡು ಆಲಿವ್ ಮರದ ಕೆಳಗೆ ಕುಳಿತು, ಮುದುಕರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾ ರಟ್ಟಿನ ಮೇಲೆ ಇದ್ದಿಲಿನಿಂದ ಗೀಚುತ್ತಿದ್ದರು.

ಬಯಾಬಿಲ್ ಮೊದಲ ದಿನವೇ ಹಾಜರಾದ. ಒಗೆದ ಹೊದಿಕೆ, ಚವರಿ, ಹಿಂದೆ ಜೇನಿನ ಗಡಿಗೆ ಹೊತ್ತ ಮಗಳು. ಅಜ್ಜನ ಚಿತ್ರವನ್ನು ಬಾಗಿಲಿನ ಹತ್ತಿರ, ಎಲ್ಲರಿಗೂ ಕಾಣುವಂತೆ ಬರೆಯಬೇಕೆಂದು ಸೂಚನೆ ಕೊಟ್ಟ. ಅಲೆಕಾ ಜೇನನ್ನು ಮುಟ್ಟಲಿಲ್ಲ, ಪ್ರಶ್ನೆ ಕೇಳತೊಡಗಿದರು.

ಹೊದಿಕೆಯ ಬಣ್ಣ ಕೇಳಿದರು, ಹೇಳಿದ. ಬೇರೇನು ಹಿಡಿದಿದ್ದ ಎಂದರು. ಬೆನ್ನಿಗೆ ಬಿಲ್ಲು ಇತ್ತು, ಅಜ್ಜ ಬೇಟೆಗಾರ ಎಂದ. ಬಡವನ ಕೈ ಹೇಗಿತ್ತು ಎಂದರು. ಬಯಾಬಿಲ್ ಸ್ವಲ್ಪ ತಡವರಿಸಿ, ಬೆರಳು ಸರಿಯಾಗಿ ನೆನಪಿಲ್ಲ, ಬಟ್ಟೆ ಸುತ್ತಿಕೊಂಡ ಹಾಗಿತ್ತು ಎಂದ. ಅಲೆಕಾ ಇದ್ದಿಲನ್ನು ಒಂದು ಕ್ಷಣ ಎತ್ತಿ ಹಿಡಿದರು.

“ನೀರು ಕೊಡೋನಿಗೆ ಕಣ್ಣು ಎಷ್ಟಿತ್ತು?”

“ಎರಡು,” ಎಂದ ಬಯಾಬಿಲ್. ಅವನಿಗೆ ಆ ಪ್ರಶ್ನೆಯೇ ಅವಮಾನವೆನಿಸಿತು. ನಮ್ಮ ಚಿತ್ರಗಾರರು ಒಳ್ಳೆಯವರನ್ನು ಎದುರುಮುಖವಾಗಿ ಎರಡೂ ಕಣ್ಣು ಕಾಣುವಂತೆ ಬರೆಯುತ್ತಾರೆ. ಕೆಟ್ಟವರ ಮುಖವನ್ನು ಪಕ್ಕಕ್ಕೆ ತಿರುಗಿಸಿ ಒಂದೇ ಕಣ್ಣು ಬರೆಯುತ್ತಾರೆ. ಇದು ಕೂಸಿಗೂ ಗೊತ್ತು.

“ಅವನ ಹಿಂದೆ ಏನಿತ್ತು?”

“ಹಿಂದೆ ಗೋಡೆ ಮೂಲೆ. ಅಲ್ಲಿಂದಾಚೆ ಹೆಂಗಸರ ಕಡೆ.”

ಒಳಗುಡಿಯ ಸುತ್ತ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ನಿಲ್ಲುವುದು ನಮ್ಮ ಪದ್ಧತಿ. ಒಬ್ಬರ ಗೋಡೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಬಯಾಬಿಲ್ ಅಪ್ಪನ ಕೈ ಹಿಡಿದು ನಿಂತ ಮಗು, ಕಂಡದ್ದು ಇತ್ತಲಿನ ಗೋಡೆಯೊಂದೇ. ಆಮೇಲಿನ ಅರವತ್ತು ವರ್ಷದಲ್ಲಿ ಆಚೆ ಏನಿತ್ತೆಂದು ಒಬ್ಬ ಹೆಂಗಸನ್ನೂ ಅವನು ಕೇಳಿರಲಿಲ್ಲ. ಹೆಂಗಸರನ್ನು ಏನನ್ನಾದರೂ ಕೇಳುವ ಅಭ್ಯಾಸವೇ ಅವನಿಗಿರಲಿಲ್ಲ.

ಅಲೆಕಾ ಕೇಳಿದರು. ಆ ಕಾಲದ ಹೆಂಗಸರು ಯಾರಿದ್ದಾರೆಂದು ವಿಚಾರಿಸಿದಾಗ ಸಿಕ್ಕವಳು ಲಾಕೆಚ್. ಹಬ್ಬದ ತೆಲ್ಲಾ ಕಳ್ಳು ತುಂಬಲು ಸಮಿತಿಯವರು ಹೇಳಿದ್ದ ಹೊಸ ಮಡಕೆಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಅದೇ ಹೊತ್ತಿಗೆ ಅವಳೇ ಬಂದಿದ್ದಳು. ಮಡಕೆ ಇಳಿಸಿ, ಅಲೆಕಾ ಕೂರಲು ಹೇಳಿದರೂ ಕೂರದೆ ನಿಂತಳು.

“ಇವಳನ್ನೇನು ಕೇಳ್ತೀರಿ?” ಎಂದ ಬಯಾಬಿಲ್. “ಬಾಗಿಲಾಚೆ ನಿಂತಿದ್ದೋಳು.”

“ಬಾಗಿಲ ಹತ್ರಾನೇ ನಿಂತಿದ್ದೆ ಅಯ್ಯಾ. ನಮ್ಮನ್ನ ಹಿಂದೆ ತಳ್ತಿದ್ರಲ್ಲ, ಆ ಮೂಲೇಗೆ,” ಎಂದಳು ಲಾಕೆಚ್. “ಅದಕ್ಕೇ ಚೆನ್ನಾಗಿ ಕಾಣ್ತಿತ್ತು.”

ಅವಳು ಹೇಳಿದ್ದು ಹೀಗೆ. ಮೂಲೆಯ ಆಚೆಗೂ ಅದೇ ಮನುಷ್ಯನಿದ್ದ, ಅದೇ ಕೆಂಪಂಚಿನ ಹೊದಿಕೆ, ಅದೇ ಬಿಲ್ಲು. ಕಣ್ಣು ಒಂದೇ. ನೆಲದ ಮೇಲೆ ಕಾಲು ಚಾಚಿ ಊಟಕ್ಕೆ ಕೂತಿದ್ದ. ಅವನ ಕೈಯಲ್ಲಿದ್ದುದು ಮನುಷ್ಯನ ತೊಡೆ. ಪಕ್ಕದಲ್ಲಿ ತಲೆಗಳ ಗುಡ್ಡೆ. ಪ್ರಾರ್ಥನೆ ಉದ್ದವಾದ ದಿನ ಅವಳು ಅವನ್ನು ಎಣಿಸುತ್ತಿದ್ದಳು. ಮೇಲೆ ಒಂದು ತಕ್ಕಡಿ, ಒಂದು ತಟ್ಟೆಯ ಮೇಲೆ ಮಾತೆ ಮರಿಯಳ ಕೈಯ ನೆರಳು.

ಅಲೆಕಾ ಇದ್ದಿಲನ್ನು ಕೆಳಗಿಟ್ಟರು. ಅಲ್ಲಿದ್ದವರಿಗೆಲ್ಲ ಚಿತ್ರ ಯಾವುದೆಂದು ತಿಳಿದುಹೋಗಿತ್ತು. ಸ್ವಂತ ಹೆಂಡತಿ ಮಕ್ಕಳನ್ನೂ ಬಿಡದೆ ಎಪ್ಪತ್ತೆಂಟು ಜನರನ್ನು ತಿಂದವನು, ಒಂದು ದಿನ ಒಬ್ಬ ಕುಷ್ಠರೋಗಿ ಮರಿಯಳ ಹೆಸರು ಹೇಳಿ ಬೇಡಿದ್ದಕ್ಕೆ ಗುಟುಕು ನೀರು ಕೊಟ್ಟ. ಆ ಗುಟುಕಿನಿಂದಲೇ ತಕ್ಕಡಿ ವಾಲಿ ಅವನು ನರಕದಿಂದ ಪಾರಾದ. ಎಲ್ಲರೂ ಕೇಳಿ ಬೆಳೆದ ಕಥೆ. ಸೋರೆಬುರುಡೆ, ಬಿಲ್ಲು, ಬಟ್ಟೆ ಸುತ್ತಿದ ಕೈ, ಎಲ್ಲವನ್ನೂ ಬಯಾಬಿಲನೇ ತನ್ನ ಬಾಯಿಂದ ಹೇಳಿದ್ದ. ನೀರು ಕೊಡುವ ಗಳಿಗೆಗೆ ಮಾತ್ರ ಚಿತ್ರಗಾರ ಅವನಿಗೆ ಎರಡನೆಯ ಕಣ್ಣು ಕೊಟ್ಟಿದ್ದ.

“ಕೆಳಗೆ ಅಜ್ಜನ ಹೆಸರಿತ್ತು,” ಎಂದ ಬಯಾಬಿಲ್. ಅವನ ಚವರಿ ನಿಂತಿತ್ತು.

“ಬರೆಸಿದವರ ಹೆಸರು ಕೆಳಗೇ ಇರುತ್ತೆ,” ಎಂದರು ಅಲೆಕಾ. “ಬರೆಸಿದವರೂ ಅಲ್ಲೇ ಇರ್ತಾರೆ. ಪಾದದ ಹತ್ರ ಮಕಾಡೆ ಮಲಗಿದ ಸಣ್ಣ ಗೊಂಬೆ. ನೋಡಿದ ನೆನಪಿದೆಯಾ?”

ನೆನಪಿತ್ತು. ನಾಯಿ ಅಂದುಕೊಂಡಿದ್ದೆ ಎಂದು ಅವನು ಒಪ್ಪಿಕೊಂಡ. ಅಂಗಳದಲ್ಲಿ ಯಾರೋ ಕೆಮ್ಮಿದರು.

ಲಾಕೆಚ್ ಇನ್ನೂ ಹೋಗಿರಲಿಲ್ಲ. ಅಕ್ಷರ ತನಗೆ ಬರುವುದಿಲ್ಲ ಎಂದಳು. ಆದರೆ ಬರಹ ತಮ್ಮ ಕಡೆಯಿಂದಲೇ ಶುರುವಾಗಿ ಮೂಲೆ ತಿರುಗಿ ಹೋಗುತ್ತಿತ್ತು, ಒಬ್ಬ ಪಾದ್ರಿ ಅದನ್ನು ಅವಳ ತಾಯಿಗೆ ಓದಿ ಹೇಳಿದ್ದರು. ‘ಸುಟ್ಟ ಮನೆಗಳ ಪಾಪಕ್ಕಾಗಿ’ ಎಂಬುದು ಹೆಂಗಸರ ಕಡೆ. ‘ಯಿಗ್ಜಾವ್ ಬರೆಸಿದ’ ಎಂಬುದು ಗಂಡಸರ ಕಡೆ. ಯಿಗ್ಜಾವನ ಮನೆಯಲ್ಲಿ ಒಂದು ಕೂಸು ಸತ್ತಾಗ ಕುಂಬಾರರು ಕಣ್ಣಿಂದ ತಿಂದರೆಂದು ಹೇಳಿ ಅವನು ಹೊಳೆಯಾಚೆಯ ಮೂರು ಗುಡಿಸಲಿಗೆ ಬೆಂಕಿ ಇಡಿಸಿದ್ದ. ಆಮೇಲೆ ಹೆದರಿದ್ದ.

“ಒಂದರಲ್ಲಿ ನಮ್ಮಮ್ಮನ ತಂಗಿ ಇದ್ದಳು,” ಎಂದಳು. “ನಮ್ಮಮ್ಮ ಪ್ರತಿ ಭಾನುವಾರ ಆ ಗೋಡೆ ತೋರಿಸಿ, ನೋಡ್ಕೋ, ಅವರೇ ಬರೆಸಿಟ್ಟಿದಾರೆ ಅನ್ನೋಳು. ನೀವು ಕಾಫಿಗೆ ಕೂತಲ್ಲೆಲ್ಲ ನೀರಿನ ಕಥೆ ಹೇಳ್ತೀರಂತೆ ಅಂತ ಕೇಳಿದೀನಿ ಅಯ್ಯಾ. ನಾನು ಯಾರ ಹತ್ರಾನೂ ಏನೂ ಹೇಳಿರ್ಲಿಲ್ಲ. ಯಾರೂ ಕೇಳಿರ್ಲಿಲ್ಲ.”

ಇಷ್ಟಾದ ಮೇಲಾದರೂ ಒಬ್ಬ ಮನುಷ್ಯ ತಲೆ ತಗ್ಗಿಸುತ್ತಾನೆ. ಬಯಾಬಿಲ್ ಮಾತ್ರ ಅಲೆಕಾರ ಹತ್ತಿರ ಸರಿದು, ದನಿ ತಗ್ಗಿಸಿ, ನೀರು ಕೊಡುವ ತುಂಡನ್ನಷ್ಟೇ ಬರೆದರೆ ಸಾಕು ಎಂದ. ಉಳಿದದ್ದು ಮಕ್ಕಳು ನೋಡುವಂಥದ್ದಲ್ಲ ಎಂದ. ಜೇನಿನ ಗಡಿಗೆಯನ್ನು ಕಾಲಿಂದ ಮುಂದಕ್ಕೆ ತಳ್ಳಿದ.

ಅಲೆಕಾ ಉತ್ತರಿಸುವ ಮೊದಲು ಅಸ್ನಾಕು ಬಗ್ಗಿ ಆ ಗಡಿಗೆಯನ್ನು ಎತ್ತಿಕೊಂಡಳು.

“ಪೂರ್ತಿ ಬರೀರಿ ಅಲೆಕಾ,” ಎಂದಳು. ಆಮೇಲೆ ತಂದೆಯ ಕಡೆ ತಿರುಗಿದಳು. “ಅಪ್ಪಾ, ಯಾರ ಮನೇಲಿ ಮನುಷ್ಯರನ್ನ ತಿಂದ್ರು ಅಂತ ಗೊತ್ತಾಯ್ತಲ್ಲ. ಇನ್ನು ನಿಮ್ಮನ್ನ ಕೇಳೋದು ಏನೂ ಉಳಿದಿಲ್ಲ. ಹಿರಿಯರನ್ನ ಮತ್ತೆ ಕಳಿಸ್ಬೇಡಿ ಅಂತ ಮುಲಾತನಿಗೆ ನಾನೇ ಹೇಳ್ತೀನಿ.”

ಜೇನನ್ನು ಲಾಕೆಚಳ ಖಾಲಿ ಕತ್ತೆಯ ಮೇಲೆ ಹೇರಿ ಅವಳ ಜೊತೆ ಹೊಳೆಯ ಕಡೆ ನಡೆದಳು. ಲಾಕೆಚ್ ಕತ್ತೆಯನ್ನು ಸ್ವಲ್ಪ ನಿಧಾನ ಮಾಡಿದಳು, ಅಷ್ಟೇ.

ಅಲೆಕಾ ಪೂರ್ತಿ ಬರೆದರು. ಬರಹವನ್ನೂ ಹಿಂದಿನಂತೆಯೇ ಮೂಲೆ ಸುತ್ತಿಸಿದರು. ಬಯಾಬಿಲ್ ಮೂರು ತಿಂಗಳು ಇಗರ್ಜಿಗೆ ಬರಲಿಲ್ಲ. ಆಮೇಲೆ ಬಂದ, ಕಾಫಿಗೂ ಬಂದ. ಈಗ ಅವನ ಅಜ್ಜ ವಿನಯಕ್ಕೆ ಹೆಸರಾದವನು. ಅಷ್ಟು ದೊಡ್ಡ ಮನುಷ್ಯ ತನ್ನನ್ನು ನಾಯಿಯಷ್ಟು ಚಿಕ್ಕದಾಗಿ ಬರೆಸಿಕೊಂಡನಲ್ಲ, ಯಾರಿಗೆ ಬರುತ್ತದೆ ಅಂಥ ಬುದ್ಧಿ ಎಂದು ಕೇಳುತ್ತಾನೆ. ಸುಟ್ಟ ಗುಡಿಸಲುಗಳ ಮಾತು ಅವನ ಕಥೆಯಲ್ಲಿಲ್ಲ. ಕೇಳುವವರು ಎರಡನೆಯ ಸುತ್ತಿಗೇ ಏಳುತ್ತಾರೆ.

ಮದುವೆ ಕುಂಬಾರಕೇರಿಯಲ್ಲಿ ನಡೆಯಿತು. ಪೇಟೆಯಿಂದ ಹೋದವರು ನಾವು ಹನ್ನೊಂದು ಜನ. ಮದುಮಕ್ಕಳು ಬಗ್ಗಿ ಹಿರಿಯರ ಮೊಣಕಾಲಿಗೆ ಮುತ್ತಿಡುವ ಹೊತ್ತಿಗೆ ಹೆಣ್ಣಿನ ತಂದೆಗೆಂದು ಒಂದು ಕುರ್ಚಿ ಇಟ್ಟಿದ್ದರು. ಅಸ್ನಾಕು ಲಾಕೆಚಳ ಮೊಣಕಾಲಿಗೆ ಮುತ್ತಿಟ್ಟು ಎದ್ದಳು, ಖಾಲಿಯಾಗಿಯೇ ಇದ್ದ ಆ ಕುರ್ಚಿಯ ಕಡೆ ಒಮ್ಮೆ ನೋಡಿದಳು. ಇಂಜೆರ ರೊಟ್ಟಿ ಬಡಿಸುವ ಹೊತ್ತಿಗೆ ಜನ ಹೆಚ್ಚಾಗಿ ಕೂರಲು ಜಾಗ ಸಾಲದಾಯಿತು. ಅವಳೇ ಹೋಗಿ ಕುರ್ಚಿಯನ್ನು ಎತ್ತಿ ತಂದು ಊಟದ ಸಾಲಿಗೆ ಹಾಕಿದಳು.