ದೊಡ್ಡ ಸಿಸ್ಟರ್ ಕೈಕಟ್ಟಿ ನಿಂತರೆ

ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು, ಬೆರಳು ಹೆಣೆದು ಅವರು ನಿಲ್ಲುತ್ತಿದ್ದರು. ಎಡಗೈಗೆ ಗಂಡಸರ ಗಡಿಯಾರ, ಅದರ ಮುಖ ಮಣಿಕಟ್ಟಿನ ಒಳಗಡೆಗೆ. ಹಾಗೆ ನಿಂತಾಗ ಅವರ ಹಿಂದೆ ಹಾಯುವ ನಮಗೆಲ್ಲ ಟೈಮ್ ಕಾಣುತ್ತಿತ್ತು, ಅವರೊಬ್ಬರಿಗೆ ಕಾಣುತ್ತಿರಲಿಲ್ಲ.

ಶಹಾಪುರದ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್ ಆಗಿ ಸೇರಿದಾಗ ಅವರು ಹೆಂಗಸರ ವಾರ್ಡಿನ ಇನ್‌ಚಾರ್ಜ್. ನಾವೆಲ್ಲರೂ ಸಿಸ್ಟರ್‌ಗಳೇ ಆದ್ದರಿಂದ ಅವರು ದೊಡ್ಡ ಸಿಸ್ಟರ್. ಏಳು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೆ. ಅವರ ಮೇಲೆ ಸಿಟ್ಟು ಬಾರದ ಒಂದು ವಾರವೂ ನೆನಪಿಲ್ಲ.

ಸೇರಿದ ಹೊಸದರಲ್ಲಿ, ದೋರನಹಳ್ಳಿಯಿಂದ ಬಂದಿದ್ದ ಒಬ್ಬಾಕೆಗೆ ಸಲೈನ್ ಹಾಕಿದ್ದ ಕೈ ಬಾತಿತ್ತು. ಓಡಿಹೋಗಿ ಹೇಳಿದೆ.

"ಏನ್ ಮಾಡಾಕಿ ನೀ?" ಅಂದರು.

"ಗೊತ್ತಿಲ್ರಿ ಸಿಸ್ಟರ್."

"ಹೋಗಿ ಆಕಿ ಕೈ ನೋಡು. ಗೊತ್ತಾಗ್ತದ."

ಸಲೈನ್ ನಿಲ್ಲಿಸಿದೆ, ಸೂಜಿ ತೆಗೆದೆ, ಇನ್ನೊಂದು ಕೈಗೆ ಹಾಕಿದೆ. ತಿರುಗಿ ನೋಡಿದರೆ ಅವರು ಹಿಂದೆಯೇ ನಿಂತಿದ್ದರು, ಕೈಕಟ್ಟಿಕೊಂಡು. ಅವರು ಮಾಡಿದ್ದರೆ ಒಂದು ನಿಮಿಷದ ಕೆಲಸ. ನನ್ನ ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಗಿತ್ತು.

ಬೇರೆ ವಾರ್ಡುಗಳಲ್ಲಿ ಇನ್‌ಚಾರ್ಜ್ ಸಿಸ್ಟರೇ ಡಾಕ್ಟರಿಗೆ ಫೋನ್ ಮಾಡುತ್ತಿದ್ದರು. ನಮ್ಮಲ್ಲಿ ರೋಗಿಯನ್ನು ನೋಡುತ್ತಿದ್ದವಳೇ ಮಾಡಬೇಕು. ಡಾಕ್ಟರು ರೇಗಿ, ನಿಮ್ಮ ಇನ್‌ಚಾರ್ಜ್ ಎಲ್ಲಿ ಅಂತ ಕೇಳಿದರೆ, ಪಕ್ಕದಲ್ಲೇ ನಿಂತ ದೊಡ್ಡ ಸಿಸ್ಟರ್ ತಾವಿಲ್ಲವೆಂದು ಹೇಳು ಅನ್ನುವಂತೆ ತಲೆಯಾಡಿಸುತ್ತಿದ್ದರು. ಬೈಸಿಕೊಳ್ಳುವವರು ನಾವು. ಒಬ್ಬಾಕೆ ಬೇಸತ್ತು ಸುರಪುರಕ್ಕೆ ವರ್ಗ ಮಾಡಿಸಿಕೊಂಡಳು. ಅಲ್ಲಿಂದ ಫೋನ್ ಮಾಡಿ, ಇಲ್ಲಿ ಕೇಳಿದ್ದಕ್ಕೆ ಜವಾಬು ಸಿಗ್ತದವಾ ಅಂತ ನಮ್ಮನ್ನು ಉರಿಸಿದಳು.

ಪಾಳಿ ಬದಲಾಗುವಾಗ ರೋಗಿಗಳ ಸ್ಥಿತಿಯನ್ನು ಮುಂದಿನವರಿಗೆ ಹೇಳಿ ಒಪ್ಪಿಸುವುದಕ್ಕೆ ನಾವು ಓವರ್ ಕೊಡುವುದು ಅನ್ನುತ್ತೇವೆ. ಎಲ್ಲ ಕಡೆ ಅದನ್ನು ಮೇಜಿನ ಹತ್ತಿರ ಕುಳಿತು, ರಿಜಿಸ್ಟರ್ ನೋಡಿ, ದೊಡ್ಡವರು ಕೊಡುತ್ತಾರೆ. ನಮ್ಮ ವಾರ್ಡಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಹಾಸಿಗೆಯ ಪಕ್ಕ ನಿಂತು, ರಿಜಿಸ್ಟರ್ ನೋಡದೆ, ರೋಗಿಗೆ ಕೇಳಿಸುವ ಹಾಗೆ ಕೊಡಬೇಕು. ಕೊಟ್ಟಾದ ಮೇಲೆ ದೊಡ್ಡ ಸಿಸ್ಟರ್ ರೋಗಿಯನ್ನೇ ಕೇಳುತ್ತಿದ್ದರು, ಈಕಿ ಏನರ ಬಿಟ್ಟಾಳೇನ್ರಿ ಅಂತ. ದೇವಾಪುರದ ಮುದುಕಿಯೊಬ್ಬಳು, ನೋವು ಮೊಣಕಾಲಿಗಲ್ಲ ಟೊಂಕಕ್ಕೆ, ಈ ಹುಡುಗಿಗೆ ಎರಡು ದಿನದಿಂದ ಹೇಳಾಕತ್ತೀನಿ ಅಂದಾಗ ವಾರ್ಡಿಗೆ ವಾರ್ಡೇ ನಕ್ಕಿತು. ಆ ಹುಡುಗಿ ನಾನೇ.

ಒಂದು ವರ್ಷ ಯಾದಗಿರಿಯಲ್ಲಿ ನರ್ಸ್‌ಗಳಿಗೆ ನಾಯಕತ್ವದ ತರಬೇತಿ ಇಟ್ಟಿದ್ದರು. ಆದೇಶ ಬಂದಿದ್ದು ಅವರ ಹೆಸರಿಗೆ. ಅವರು ನನ್ನನ್ನು ಕಳಿಸಿದರು, ಅದಕ್ಕೆ ಮೇಲಿನವರಿಂದ ನೋಟಿಸು ತಿಂದರು. ಎರಡು ದಿನ ಕೇಳಿ, ಫೈಲು, ಪ್ರಮಾಣಪತ್ರ ಹಿಡಿದು ಬಂದೆ. ಅವರು ಕೇಳಿದ್ದು ಒಂದೇ:

"ಅಲ್ಲಿ ಸಾಹೇಬ್ರಿಗೆ ಚಾ ಯಾರು ಕೊಟ್ರು?"

"ನಾವೇ ಕೊಟ್ವಿರಿ."

"ಹಂಗಾದ್ರ ಏನೂ ಕಲ್ತಿಲ್ಲ. ಮೂರನೇ ಹಾಸಿಗಿ ಬಿ.ಪಿ. ನೋಡು ಹೋಗು."

ಆ ಫೈಲನ್ನು ನಾನು ಮತ್ತೆ ಬಿಚ್ಚಲಿಲ್ಲ.

ಈಗ ಆ ಸೋಮವಾರದ ಮಾತು. ಕಂಡಷ್ಟನ್ನೇ ಬರೆಯುತ್ತೇನೆ. ಬೆಳಗಿನ ಸುತ್ತು ಮುಗಿಸಿ ಬಂದ ದೊಡ್ಡ ಸಿಸ್ಟರ್ ಖಾಲಿಯಿದ್ದ ನಾಲ್ಕನೇ ಹಾಸಿಗೆಯ ಮೇಲೆ ಕುಳಿತರು. ರೋಗಿಗಳ ಹಾಸಿಗೆಯ ಮೇಲೆ ನಮ್ಮಲ್ಲಿ ಯಾರೂ ಕೂಡುವಂತಿರಲಿಲ್ಲ. ಅದಕ್ಕೇ ನಾನು ತಿರುಗಿ ನೋಡಿದ್ದು. ಅವರ ಕೈ ಬೆನ್ನ ಹಿಂದೆ ಇರಲಿಲ್ಲ, ಎದೆಯ ಮೇಲಿತ್ತು.

"ಓವರ್ ತಗೋ," ಅಂದರು. "ಐವತ್ತೇಳು ವಯಸ್ಸು. ಸಕ್ಕರಿ ಅದ. ಎದಿನೋವು, ಅರ್ಧ ತಾಸಾತು. ಎಡಗೈಗೆ ಇಳಿಯಾಕತ್ತದ."

ಅರ್ಧ ತಾಸು. ನೋವು ಇಟ್ಟುಕೊಂಡೇ ಅವರು ಸುತ್ತು ಮುಗಿಸಿದ್ದರು. ಇಡೀ ವಾರ್ಡಿಗೆ ಬಾಯಿ ಬಿಡುವುದನ್ನು ಕಲಿಸಿದವರು ತಮ್ಮದನ್ನು ಮುಚ್ಚಿಟ್ಟಿದ್ದರು. ಅದಕ್ಕೆ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಏನ್ ಮಾಡ್ಲಿರಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರು ನನ್ನನ್ನೇ ನೋಡುತ್ತಿದ್ದರು. ನಾನು ಕೇಳಲಿಲ್ಲ. ಇಸಿಜಿ ತೆಗೆದೆ. ಒಬ್ಬಳನ್ನು ಆಂಬ್ಯುಲೆನ್ಸ್‌ಗೆ ಓಡಿಸಿದೆ. ಡಾಕ್ಟರು ಹೆರಿಗೆಯ ಆಪರೇಷನ್ ಮುಗಿಸುತ್ತಿದ್ದರು. ಬಾಗಿಲಲ್ಲಿ ನಿಂತು ಹೇಳಿದಾಗ, ಹತ್ತು ನಿಮಿಷ ತಡಿ ಅಂದರು.

"ಹತ್ತು ನಿಮಿಷ ಇಲ್ರಿ ಸರ್. ಈಗ ಹೇಳ್ರಿ," ಅಂದೆ. ಅದು ನನ್ನ ದನಿಯೇ ಎಂದು ನನಗೇ ನಂಬಿಕೆ ಬರಲಿಲ್ಲ.

ಇಸಿಜಿ ಹಾಳೆಯನ್ನು ಎತ್ತಿ ಹಿಡಿದೆ. ಡಾಕ್ಟರು ನೋಡಿ, ಕೊಡಬೇಕಾದ ಗುಳಿಗೆಯನ್ನು ನಿಂತಲ್ಲಿಂದಲೇ ಹೇಳಿದರು, ಕಲಬುರಗಿಗೆ ಕಳಿಸು ಅಂದರು. ಗುಳಿಗೆ ಅಗಿಯಲು ಕೊಟ್ಟು, ನಾನೂ ಗಾಡಿ ಹತ್ತಿದೆ. ಭೀಮಾ ಸೇತುವೆ ದಾಟುವಾಗ ಅವರ ಮಣಿಕಟ್ಟು ನನ್ನ ಕೈಯಲ್ಲಿತ್ತು. ಅವರ ಗಡಿಯಾರ ನೋಡಿಕೊಂಡೇ ನಾಡಿ ಎಣಿಸಿದೆ.

ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿ, ಸ್ಟ್ರೆಚರಿನ ಪಕ್ಕ ನಿಂತು ಅಲ್ಲಿನ ಸಿಸ್ಟರ್‌ಗೆ ಓವರ್ ಕೊಟ್ಟೆ. ವಯಸ್ಸು ಹೇಳಿದೆ, ಸಕ್ಕರೆ ಕಾಯಿಲೆ ಹೇಳಿದೆ, ನೋವು ಶುರುವಾದದ್ದು, ಇಸಿಜಿ, ಗುಳಿಗೆ ಎಲ್ಲ ಹೇಳಿದೆ. ಒಂದೂ ತಡವರಿಸಲಿಲ್ಲ. ದೊಡ್ಡ ಸಿಸ್ಟರ್ ಒಂದು ಕೈಯಿಂದ ಆಕ್ಸಿಜನ್ ಮಾಸ್ಕ್ ಎತ್ತಿದರು. ಈಗಲಾದರೂ ಒಂದು ಒಳ್ಳೆಯ ಮಾತು ಬರುತ್ತದೆ ಅಂದುಕೊಂಡು ಬಗ್ಗಿದೆ.

"ಗುಳಿಗಿ ಕೊಟ್ಟ ಟೈಮ್ ಬಿಟ್ಟಿ," ಅಂದರು.

"ಹನ್ನೊಂದು ಹತ್ತು," ಅಂದೆ. ಕಲಬುರಗಿಯ ಸಿಸ್ಟರ್ ಬರೆದುಕೊಂಡಳು. ಅವರು ಮಾಸ್ಕ್ ಹಾಕಿಕೊಂಡು ಕಣ್ಣು ಮುಚ್ಚಿದರು.

ಮರುದಿನ ಮಧ್ಯಾಹ್ನ ಹೋಗಿಬಿಟ್ಟರು. ನನಗೆ ಅವರು ಆಡಿದ ಕೊನೆಯ ಮಾತು ಅದೇ. ಚಲೋ ಮಾಡಿದಿ ಅಂತ ಒಂದು ಮಾತು ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು ಅಂತ ಈಗಲೂ ಒಳಗೊಳಗೇ ಜಗಳ ತೆಗೆಯುತ್ತೇನೆ. ಜಗಳ ಗೆಲ್ಲುವುದಕ್ಕೆಂದು ಆ ಓವರನ್ನು ಮೊದಲಿನಿಂದ ಮತ್ತೆ ಮತ್ತೆ ಹೇಳಿಕೊಂಡಿದ್ದೇನೆ. ವಯಸ್ಸು ಇದೆ, ಸಕ್ಕರೆ ಇದೆ, ಇಸಿಜಿ ಇದೆ, ಗುಳಿಗೆ ಇದೆ.

ಟೈಮ್ ನಾನು ಹೇಳಿರಲಿಲ್ಲ.