ಹುಷಾರಾಗಿದ್ದವರ ಎಳನೀರು

ನಮ್ಮ ಅತ್ತೆ ರಂಗಮ್ಮ ಒಂದು ತಿಂಗಳಿಗೂ ಮೇಲೆ ಪರದೇಶ ಸುತ್ತಿ ಬಂದವರು. ನಮ್ಮೂರು ಹಂದನಕೆರೆಯಲ್ಲಿ ಯಾರಾದರೂ ಫೋಟೊ ತೋರಿಸಿ ಅಂದರೆ ನನ್ನ ಗಂಡ ಗಂಗಾಧರ್ ಮೊಬೈಲ್ ತೆಗೆದು ಕೊಡುತ್ತಾರೆ. ನೋಡಿದವರಿಗೆ ಸಿಗುವುದು ಒಂದೇ ದೃಶ್ಯ. ಅತ್ತೆ, ಅವರ ಕೈಯಲ್ಲಿ ಎಳನೀರು, ಹಿಂದೆ ತೆಂಗಿನಮರ. ಶ್ರೀಲಂಕಾ ಯಾವುದು, ಥಾಯ್ಲೆಂಡ್ ಯಾವುದು, ಬಾಲಿ ಯಾವುದು ಎಂದು ಹೇಳಲು ನಾನು ಅವರ ಸೀರೆಯ ಬಣ್ಣ ನೋಡಬೇಕು.

“ಇದ್ನ ನೋಡಕ್ಕೆ ಇಮಾನ ಹತ್ಬೇಕಿತ್ತೇನೆ ಆಶಾ? ನಿಮ್ ತೋಟಕ್ಕೆ ಹೋಗಿದ್ರೆ ಆಗ್ತಿತ್ತಲ್ಲ” ಎಂದು ಪಕ್ಕದ ಮನೆಯ ಕ್ಯಾತಮ್ಮ ನನ್ನನ್ನು ಕೇಳಿದರು.

ತೋಟಕ್ಕೆ ಹೋಗಿದ್ದರೆ ಆಗುತ್ತಿರಲಿಲ್ಲ. ಅದು ಕ್ಯಾತಮ್ಮನಿಗೂ ಗೊತ್ತು.

ನಮ್ಮ ಮಾವ ಹುಚ್ಚಣ್ಣ ಅಪ್ಪಟ ಕೊಬ್ಬರಿ ಮನುಷ್ಯ. ಕಾಯಿ ಮರದಲ್ಲೇ ಬಲಿಯಬೇಕು, ಇಳಿದ ಮೇಲೆ ಅಟ್ಟದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಕೂರಬೇಕು, ಒಳಗಿನ ನೀರೆಲ್ಲ ಇಂಗಿ ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಲ್ಲಿಯವರೆಗೆ ಅವರ ಲೆಕ್ಕದಲ್ಲಿ ಅದು ಇನ್ನೂ ಕಾಯಿಯೇ ಅಲ್ಲ. ಎಳೆಗಾಯಿ ಕೀಳುವುದೆಂದರೆ ತೊಟ್ಟಿಲಿಂದ ಕೂಸು ಎತ್ತಿಕೊಂಡು ಹೋದಂತೆ ಎಂದು ಅವರಪ್ಪ ಹೇಳುತ್ತಿದ್ದರಂತೆ, ಇವರೂ ಹೇಳುತ್ತಾರೆ. ಈಚೆಗೆ ಎಳನೀರಿನ ಲಾರಿಗಳು ಊರೊಳಗೇ ಬರುತ್ತವೆ, ಎಷ್ಟೋ ಜನ ಕೊಡುತ್ತಾರೆ. ಮಾವ ಮಾತ್ರ ಲಾರಿಯವರನ್ನು ಬೇಲಿ ದಾಟಲು ಬಿಟ್ಟವರಲ್ಲ. ನಮ್ಮ ತೋಟದಲ್ಲಿ ಎಳನೀರು ಇಳಿಯುವುದು ಎರಡೇ ಸಂದರ್ಭಕ್ಕೆ: ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದು ಹಾಸಿಗೆ ಹಿಡಿದರೆ, ಇಲ್ಲವೇ ಯಾರಾದರೂ ಹೊರಟು ನಿಂತು ಬಾಯಿಗೆ ಕೊನೆಯ ನೀರು ಬಿಡಬೇಕಾದರೆ.

ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ, ನಾನು ಅರಸೀಕೆರೆಯವಳು, ಗೊತ್ತಿಲ್ಲದೆ ಎಳನೀರು ಬೇಕು ಅಂದೆ. ಮಾವ ತಟ್ಟೆಯಿಂದ ತಲೆ ಎತ್ತಿದರು. ಅತ್ತೆ ಬಂದು ನನ್ನ ಹಣೆ ಮುಟ್ಟಿ ನೋಡಿದರು. ಮೈ ತಣ್ಣಗೇ ಇತ್ತು. ಮಜ್ಜಿಗೆ ಕೊಟ್ಟರು.

ಪ್ರವಾಸಕ್ಕೆ ಕಾರಣ ಅತ್ತೆಯ ಮಂಡಿ. ಎರಡೂ ಸವೆದಿವೆ, ಬದಲಾಯಿಸಬೇಕು ಎಂದು ಡಾಕ್ಟರು ಹೇಳಿದ ದಿನ ಅತ್ತೆ ಕಾರಿನಲ್ಲಿ ಕೂತು, “ಕುಯ್ಯೋರು ಕುಯ್ಲಿ. ಅದಕ್ ಮುಂಚೆ ಇವು ಎಷ್ಟು ನಡೀತವೋ ಅಷ್ಟು ನಡ್ಸಿ ಬುಡ್ತೀನಿ. ಸಮುದ್ರ ತೋರ್ಸು” ಎಂದು ಮಗನಿಗೆ ಹೇಳಿದರು. ಮಂಗಳೂರು ತೋರಿಸಿದ್ದರೂ ಆಗುತ್ತಿತ್ತು. ಆದರೆ ಗಂಗಾಧರ್ ಯಾವುದನ್ನೂ ಸಣ್ಣದಾಗಿ ಮಾಡುವವರಲ್ಲ, ಟಿಕೆಟ್ಟು ಹೋಟೆಲ್ಲು ಎಂದು ಒದ್ದಾಡುವವಳು ನಾನಲ್ಲವೇ? ತೋಟ ಮತ್ತು ದನ ನೋಡಿಕೊಳ್ಳಲು ಕೆಲಸದ ಕಾಟಯ್ಯ ಒಪ್ಪಿದ. ನಾವು ನಾಲ್ಕು ಜನ ಹೊರಟೆವು.

ಬೆಂಗಳೂರಿನ ಏರ್‌ಪೋರ್ಟಿನಲ್ಲೇ ಮಾವನ ಮಾನ ಹೋಯಿತು. ಹೋದ ಊರಲ್ಲಿ ಯಾರಿಗಾದರೂ ಕೊಡಲು ಬೇಕಾಗುತ್ತದೆ ಎಂದು ಅವರು ನಮಗೆ ಹೇಳದೆ ಪೆಟ್ಟಿಗೆಯ ತಳದಲ್ಲಿ ಕೊಬ್ಬರಿ ತುಂಬಿದ್ದರು, ಒಳ್ಳೊಳ್ಳೆಯ ಉಂಡೆ ಕೊಬ್ಬರಿ. ವಿಮಾನದಲ್ಲಿ ಒಣ ಕೊಬ್ಬರಿ ಒಯ್ಯುವಂತಿಲ್ಲ, ಬೆಂಕಿ ಹತ್ತುತ್ತದೆ ಎಂದು ಅಲ್ಲಿನ ಹುಡುಗಿ ಒಂದೊಂದಾಗಿ ತೆಗೆದಿಟ್ಟಳು. “ದೇವ್ರಿಗಿಡೋ ವಸ್ತು ಕಣಮ್ಮ ಅದು, ಬಾಂಬಲ್ಲ” ಎಂದು ಮಾವ ಹೇಳಿ ನೋಡಿದರು.

ಕೊಲಂಬೊದಲ್ಲಿ ರಸ್ತೆ ಬದಿ ಹಳದಿ ಬಣ್ಣದ ಎಳನೀರಿನ ರಾಶಿ. ಗಂಡಸರು, ಹೆಂಗಸರು, ಸ್ಕೂಲ್ ಮಕ್ಕಳು, ಎಲ್ಲರೂ ನಿಂತು ಕುಡಿಯುತ್ತಿದ್ದರು. ಮಾವ ಆಚೆ ಈಚೆ ನೋಡಿ ನನಗೆ ಮೆಲ್ಲಗೆ, “ಇಲ್ಲೆಲ್ಲೋ ದೊಡ್ಡಾಸ್ಪತ್ರೆ ಐತೆ ಕಣಮ್ಮ” ಅಂದರು. ತಮಾಷೆ ಎಂದು ನಕ್ಕೆ. ಅವರು ನಗಲಿಲ್ಲ.

ಅತ್ತೆ ಮಾತ್ರ ಸೀದಾ ಹೋಗಿ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಒಂದು ಕುಡಿದು ಇನ್ನೊಂದು ಕೇಳಿದರು. ಅಲ್ಲಿಂದ ಶುರು. ಬ್ಯಾಂಕಾಕಿನಲ್ಲಿ ಸಿಪ್ಪೆ ಹೆರೆದು ಬೆಳ್ಳಗೆ ಮಾಡಿದ್ದು, ಮಲೇಶಿಯಾದ ಪೆನಾಂಗಿನಲ್ಲಿ ಐಸಿನಲ್ಲಿ ಹೂತಿಟ್ಟದ್ದು. ಬುದ್ಧನ ಗುಡಿ, ಬೊಂಬೆಯಾಟ, ಆನೆ, ಎಲ್ಲದಕ್ಕೂ ಹೂಂ ಅಂದು ಆಮೇಲೆ ಎಳನೀರಿನ ಗಾಡಿ ಎಲ್ಲಿದೆ ಎಂದು ಹುಡುಕುವರು. ಮಾವ ಪಕ್ಕದಲ್ಲಿ ಕೈಕಟ್ಟಿ ನಿಂತು ಮರಗಳನ್ನು ನೋಡುವರು. ನೀವೂ ಒಂದು ಕುಡಿಯಿರಿ ಎಂದರೆ, “ನಂಗೇನಾಗೈತೆ?” ಎನ್ನುವರು. ನಾನು ಅಷ್ಟು ಕಷ್ಟಪಟ್ಟು ಕಾದಿರಿಸಿದ ದೋಣಿ ವಿಹಾರಕ್ಕೆ ಇಬ್ಬರೂ ಬರಲಿಲ್ಲ. ನನಗೆ ರೇಗಿತು, ರೇಗಿದ್ದು ಯಾರಿಗೂ ತಾಗಲಿಲ್ಲ.

ಬಾಲಿಯಲ್ಲಿ ಒಂದು ಮಧ್ಯಾಹ್ನ ಸಮುದ್ರದ ಎದುರು ಮರದ ನೆರಳಿನಲ್ಲಿ ಕೂತಿದ್ದೆವು. ಬಿದಿರಿನ ಕೊಳವೆ ಹಾಕಿ ಎಳನೀರು ಕೊಟ್ಟಿದ್ದರು. ಅತ್ತೆ ಎರಡನೆಯದನ್ನು ಕುಡಿಯುತ್ತಿದ್ದಾಗ ಮಾವ ತಡೆಯಲಾರದೆ, “ಅದೇನು ಅಷ್ಟು ರುಚಿಯೇನೆ ಅದು?” ಎಂದು ಕೇಳಿದರು.

ಅತ್ತೆ ಕೊಳವೆ ಬಾಯಿಂದ ತೆಗೆದರು. “ಇದ್ರ ರುಚಿ ಗೊತ್ತು. ನಮ್ ತೋಟದ್ದು ಹೆಂಗಿರ್ತದೋ ಗೊತ್ತಿಲ್ಲ ಕಣ್ರೀ. ಕಾಮಾಲೆ ಆದಾಗ ಒಂದ್ಸಲ ಕೊಟ್ರಿ, ಬಾಯೆಲ್ಲ ಕಹಿ. ಟೈಫಾಯ್ಡ್ ಬಂದಾಗ ಕೊಟ್ರಿ, ನಾಲ್ಗೇನೇ ಸತ್ತೋಗಿತ್ತು. ಇನ್ನು ಕೊಡೋದು ಒಂದೇ ಸಲ. ಆವಾಗಂತೂ ಗೊತ್ತಾಗಲ್ಲ.”

ಕೋಪದಿಂದ ಹೇಳಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಅಂದಂತೆ ಹೇಳಿ ಮತ್ತೆ ಕೊಳವೆ ಬಾಯಿಗಿಟ್ಟರು. ಗಂಗಾಧರ್ ಮರಳು ನೋಡುತ್ತಾ ಕೂತರು. ನನಗೆ ಮಾವನ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಸಾವಿರಾರು ಕಾಯಿ ಸುಲಿದು, ಒಡೆದು, ಒಣಗಿಸಿದ ಹೆಂಗಸಿಗೆ ಒಂದು ಎಳೆಗಾಯಿ ಇಲ್ಲ. ಮಾವ ಎದ್ದು ಹೋಗಿ ಒಂದು ಮರದ ಬುಡ ಮುಟ್ಟಿ ನೋಡಿ ಬಂದರು.

ವಾಪಸ್ ಬಂದೆವು. ಅತ್ತೆಯ ಬಟ್ಟೆಯ ನಡುವೆ ಆ ಬಿದಿರಿನ ಕೊಳವೆಯೂ ಬಂದಿತ್ತು. ಯಾಕೆ ಎಂದೆ. ಚೆನ್ನಾಗಿತ್ತು, ತಂದೆ ಅಂದರು. ಅಡುಗೆಮನೆಯಲ್ಲಿ ಸೌಟುಗಳ ಜೊತೆ ಇಟ್ಟರು. ಮಾವ ಬಂದ ದಿನವೇ ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ನೋಡಿದರು. ಬಾಲಿಯ ಮಾತು ಯಾರೂ ಎತ್ತಲಿಲ್ಲ. ಆಪರೇಷನ್ ದಿನ ಹತ್ತಿರ ಬಂತು.

ಆಸ್ಪತ್ರೆಗೆ ಸೇರುವ ಮೊದಲಿನ ಭಾನುವಾರ, ಬೆಳಿಗ್ಗೆ, ಮರ ಹತ್ತುವ ತಿಮ್ಮರಾಜುವನ್ನು ಮಾವ ಕರೆಸಿದರು. ಬಾವಿ ಪಕ್ಕದ ಮರದಿಂದ ಎಳನೀರಿನ ಒಂದು ಗೊನೆಯನ್ನು ಹಗ್ಗ ಕಟ್ಟಿ ಇಳಿಸು ಅಂದರು. ತಿಮ್ಮರಾಜು ದಂಗಾಗಿ ನಿಂತ.

“ಯಾರ್ಗೆ ಯಜಮಾನ್ರೇ?”

“ನಮ್ಮೋಳ್ಗೆ” ಎಂದರು ಮಾವ. ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ನಾಚಿಕೆ.

ಹುಚ್ಚಣ್ಣನ ತೋಟದಲ್ಲಿ, ಹೆಂಡತಿಗೆ, ಒಂದಲ್ಲ, ಇಡೀ ಗೊನೆ! ತಿಮ್ಮರಾಜು ಕೇಳಬೇಕಾದ್ದನ್ನೆಲ್ಲ ಕೇಳಿದ ಹಾಗಾಯಿತು. ಗೊನೆ ಇಳಿಸಿ, ಕಣ್ಣೊರೆಸಿಕೊಂಡು, ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾ ಹೋದ. ನಮಗೆ ಇದೊಂದೂ ಗೊತ್ತಿಲ್ಲ. ನಾನು ರೊಟ್ಟಿ ತಟ್ಟುತ್ತಿದ್ದೆ.

ಮೊದಲು ಬಂದವರು ಕ್ಯಾತಮ್ಮ. ಆಮೇಲೆ ಬೀದಿಯವರೆಲ್ಲ, ಚಪ್ಪಲಿ ಹೊರಗೆ ಬಿಟ್ಟು, ತಗ್ಗಿದ ದನಿಯಲ್ಲಿ, ಸುಮ್ಮನೆ ಬಂದೆವು ಎನ್ನುತ್ತಾ. ಮಾವನ ಅಕ್ಕ ಕೆಂಪಕ್ಕನಿಗೆ ಶೆಟ್ಟಿಕೆರೆಗೆ ಯಾರೋ ಫೋನ್ ಮಾಡಿದ್ದರು. ಅವರು ಆಟೊ ಮಾಡಿಕೊಂಡು ಬಂದು, “ಮೊನ್ನೆ ತಾನೆ ದೇಶ ಸುತ್ಕಂಡ್ ಬಂದ್ಯಲ್ಲೇ ರಂಗೀ” ಎಂದು ಬಾಗಿಲಲ್ಲೇ ಅಳಲು ಶುರು ಮಾಡಿದರು.

ರಂಗಿ ಜಗುಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. ಕೆಂಪಕ್ಕನ ಅಳು ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ಮಾವ ತೋಟದ ಕೆಲಸ ಮುಗಿಸಿಕೊಂಡು ಗೊನೆ ಹೊತ್ತು ಬಂದರು. ಅಂಗಳದ ತುಂಬ ಜನ ನೋಡಿ ಅಲ್ಲೇ ನಿಂತರು. ಏನು ನಡೆದಿದೆ ಎಂದು ಅವರಿಗೆ ಅರ್ಥವಾದದ್ದು ಮುಖದಲ್ಲೇ ಕಂಡಿತು. ತಿರುಗಿ ಹೋಗಿಬಿಡುತ್ತಾರೆ ಅಂದುಕೊಂಡೆ. ಅತ್ತೆಯೂ ಹಾಗೇ ಅಂದುಕೊಂಡರೇನೋ, ಗೊನೆ ನೋಡಿದ ಕಣ್ಣನ್ನು ಕೆಳಗಿಳಿಸಿ ಅವರೆಕಾಯಿಗೆ ಕೈ ಹಾಕಿದರು.

“ಏನಾಗೈತೋ ಹುಚ್ಚ ಇವ್ಳಿಗೆ?” ಕೆಂಪಕ್ಕ ಕೇಳಿದರು.

ಮಂಡಿ ಅನ್ನಬಹುದಿತ್ತು. ಆಪರೇಷನ್ ಇದೆ, ಡಾಕ್ಟರು ಹೇಳಿದ್ದಾರೆ ಎಂದಿದ್ದರೆ ಎಲ್ಲರೂ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಹಾಗೆ ಹೇಳಲು ನಾನೇ ಬಾಯಿ ತೆರೆದಿದ್ದೆ.

“ಏನೂ ಆಗಿಲ್ಲ ಕಣಕ್ಕ” ಎಂದರು ಮಾವ. “ಅವ್ಳಿಗೆ ಎಳ್ನೀರು ಅಂದ್ರೆ ಇಷ್ಟ.”

ಮಾವ ಗೊನೆ ಇಳಿಸಿ, ಮಚ್ಚು ತೆಗೆದುಕೊಂಡು ಒಂದನ್ನು ಕೊಚ್ಚಿದರು. ಅಭ್ಯಾಸವಿಲ್ಲದ ಕೈ, ಅರ್ಧ ನೀರು ಅಂಗಿಯ ಮೇಲೆ ಹೋಯಿತು. ನಾನು ಒಳಗೆ ಹೋಗಿ ಸೌಟುಗಳ ನಡುವಿನಿಂದ ಬಿದಿರಿನ ಕೊಳವೆ ತಂದುಕೊಟ್ಟೆ. ಅತ್ತೆ ಸೆರಗಿನಿಂದ ಒರೆಸಿ ಹಾಕಿಕೊಂಡರು. ಊರೆಲ್ಲ ನೋಡುತ್ತಿದ್ದಂತೆ, ಅವಸರವಿಲ್ಲದೆ, ಕೊನೆಯ ಸೊರಸೊರ ಸದ್ದು ಬರುವವರೆಗೆ ಕುಡಿದರು.

“ಒಂಚೂರು ಉಪ್ಪುಪ್ಪು” ಅಂದರು, ಬುರುಡೆಯನ್ನು ಗಂಡನ ಕೈಗೆ ಕೊಡುತ್ತಾ. “ಈ ಸಲ ರುಚಿ ಗೊತ್ತಾಯ್ತು ಕಣ್ರೀ. ಇನ್ನೊಂದು ಕೊಚ್ಚಿ.”