ಎದುರುಮನೆ ಅಕ್ಕ ಕುಟ್ಟಿದ ಕೌದಿ

ಕೌದಿ ಬಿಡಿಸಿದೊಡನೆ ಒಣ ಬೇವಿನೆಲೆಯ ಕಹಿ ವಾಸನೆ ಕೋಣೆಯಲ್ಲಿ ಹರಡಿತು. ಮಡಿಕೆಗಳ ನಡುವೆ ಇಟ್ಟಿದ್ದ ಎಲೆಗಳು ಪುಡಿಯಾಗಿದ್ದವು. ಅದನ್ನು ಚಳ್ಳಕೆರೆಯ ನಮ್ಮ ಮನೆಗೆ ತಂದುಕೊಟ್ಟವಳು ಮೊಳಕಾಲ್ಮೂರಿನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅಕ್ಕನ ಮಗಳು. ಅವ್ವ ಹೋದ ತಿಂಗಳು ತೀರಿಕೊಂಡಳು, ಇದನ್ನು ನಿಮಗೇ ಮುಟ್ಟಿಸಬೇಕು ಅಂದಿದ್ದಳು ಎಂದಷ್ಟೇ ಹೇಳಿ, ಅರ್ಧ ಲೋಟ ಚಹಾ ಕುಡಿದು ಬಸ್ಸಿಗೆ ಹೊರಟಳು.

ಕೌದಿಯ ನಡುವೆ ಒಂದು ರೇಷ್ಮೆ ಸೆರಗಿನ ತುಂಡಿದೆ. ಸುತ್ತಲೂ ಹಳೆ ಹತ್ತಿ ಸೀರೆಗಳ ಚೂರುಗಳು. ಆ ರೇಷ್ಮೆ ತುಂಡನ್ನು ನೋಡಿದ ಮೇಲೆ ನನಗೆ ಸುಮ್ಮನೆ ಕೂರಲಾಗುತ್ತಿಲ್ಲ...

ಎದುರುಮನೆ ಅಕ್ಕ ರಾಯದುರ್ಗದ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದವಳು. ತವರಿನ ಮಾತು ತೆಲುಗು. ಮಧ್ಯಾಹ್ನ ಕೆಲಸ ಮುಗಿದರೆ ಜಗಲಿಯ ಮೇಲೆ ಹಳೆ ಸೀರೆ ಹರಡಿಕೊಂಡು ಕೌದಿ ಹೊಲಿಯುತ್ತಿದ್ದಳು. ಮಾರುವುದಕ್ಕಲ್ಲ, ಅವಳಿಗೆ ಅದೇ ಒಂದು ಖುಷಿ. ಬಣ್ಣಕ್ಕೆ ಬಣ್ಣ ಜೋಡಿಸಿ, ಸರಿ ಬರದಿದ್ದರೆ ಬಿಚ್ಚಿ ಮತ್ತೆ ಕೂರುತ್ತಿದ್ದಳು. ತೆಲುಗಿನಲ್ಲಿ ಬಟ್ಟೆಗೆ ಗುಡ್ಡ ಅನ್ನುತ್ತಾರೆ. ನಾಳೆ ಒಂದು ಹಸಿರು ಗುಡ್ಡ ಕತ್ತರಿಸಬೇಕು ಎಂದು ಅವಳು ಒಮ್ಮೆ ಅಂದಾಗ ನಮ್ಮವ್ವ, "ಜಟಿಂಗ ರಾಮೇಶ್ವರನ ಗುಡ್ಡ ಒಂದು ಬಿಟ್ಟು ಯಾವ್ದಾದ್ರೂ ಕತ್ತರಿಸವ್ವ" ಅಂದಿದ್ದಳು. ಬೀದಿಯೆಲ್ಲ ನಕ್ಕಿತ್ತು. ಅವಳ ಅತ್ತೆ ಮಾತ್ರ ನಕ್ಕಿರಲಿಲ್ಲ. ಸೊಸೆಯ ಕತ್ತರಿ ಕಂಡರೆ ಆ ಮುದುಕಿಗೆ ಆಗುತ್ತಿರಲಿಲ್ಲ. ತನ್ನ ಧಾರೆ ಸೀರೆಯನ್ನು ಟ್ರಂಕಿನಲ್ಲಿಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು.

ನಾನಾಗ ಎಂ.ಎ. ಮುಗಿಸಿ, ಕೆಲಸ ಸಿಗದೆ ಊರಿನಲ್ಲಿದ್ದೆ. ಒಂದು ಬೆಳಿಗ್ಗೆ ಎದುರುಮನೆ ಮುಂದೆ ಜನ ಸೇರಿದ್ದರು. ಅತ್ತೆಯ ಎಡಗೈ ಮೊಣಕೈವರೆಗೆ ಊದಿತ್ತು. ಏನಾಯಿತೆಂದು ಯಾರು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ಕೊಂಡ್ಲಹಳ್ಳಿಯಿಂದ ಮುದುಕಿಯ ತಮ್ಮ ಬಂದು ಜಗಲಿಯ ಮೇಲೆ ಕೂತಿದ್ದ. ಎದುರುಮನೆ ಅಕ್ಕನ ಗಂಡ ಕಂಬಕ್ಕೊರಗಿ ನೆಲ ನೋಡುತ್ತಿದ್ದ. ಏನು ಮಾಡಿದೆ ಎಂದು ಗಂಡನ ಆ ಸೋದರಮಾವ ಕೇಳಿದ್ದಕ್ಕೆ ಅಕ್ಕ ಅಳುತ್ತಲೇ ಅಂದಳು: "ಅತ್ತೆದು ಕುಟ್ಟಿದೆ. ಅಷ್ಟೇ ನಾನು ಮಾಡಿದ್ದು."

ಮಾವ ಎದ್ದು ನಿಂತ. ಕೇಳಿದಿರಲ್ಲ, ಬಾಯಿಬಿಟ್ಟು ಒಪ್ಪಿಕೊಂಡಳಲ್ಲ ಎಂದ. ಮಗು ಇಲ್ಲೇ ಇರಲಿ, ಇವಳು ಈಗಲೇ ತವರಿನ ಬಸ್ಸು ಹತ್ತಲಿ ಎಂದು ತೀರ್ಮಾನ ಕೊಟ್ಟ. ಅಕ್ಕ ಸೆರಗಿಗೆ ಜೋತುಬಿದ್ದಿದ್ದ ಮಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ನನಗೆ ಆ ಕ್ಷಣ ಹೊಳೆದದ್ದು ಒಂದೇ. ತೆಲುಗಿನಲ್ಲಿ ಕುಟ್ಟುವುದೆಂದರೆ ಹೊಲಿಯುವುದು. ಅತ್ತೆಯ ಯಾವುದೋ ಬಟ್ಟೆ ಹೊಲಿದೆ ಅನ್ನುತ್ತಿದ್ದಾಳೆ, ಹೊಡೆದೆ ಅನ್ನುತ್ತಿಲ್ಲ ಎಂದು ಮುಂದೆ ಹೋಗಿ ಹೇಳಿದೆ. ಯೂನಿವರ್ಸಿಟಿಯಲ್ಲಿ ಓದಿ ಬಂದವನ ಮಾತು. ಜನ ತಲೆದೂಗಿದರು. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರೆ ಹೊಲ್ದಿದ್ದು ತಂದು ತೋರಿಸ್ಲಿ" ಅಂದ.

ಅಕ್ಕ ಒಳಗೆ ಹೋದಳು. ಬಾಗಿಲು ಅರ್ಧ ಮುಚ್ಚಿಕೊಂಡಿತು. ತುಂಬ ಹೊತ್ತಾಯಿತು. ಒಳಗೆ ಬಟ್ಟೆ ಹರಿದ ಸದ್ದು ಕೇಳಿತೇ? ಕೇಳಿತು ಎಂದೇ ನನ್ನ ನೆನಪು. ಆದರೆ ಆಮೇಲೆ ಕಂಡದ್ದರಿಂದ ಆ ಸದ್ದನ್ನು ನಾನೇ ಹುಟ್ಟಿಸಿಕೊಂಡಿರಬಹುದು...

ಹೊರಗೆ ಬಂದಾಗ ಅವಳ ಕೈಯಲ್ಲಿ ಈ ಕೌದಿ ಇತ್ತು. ನಡುವೆ ಅತ್ತೆಯ ಧಾರೆ ಸೀರೆಯ ಸೆರಗು. ಹೊಲಿಗೆ ದೊಡ್ಡದೊಡ್ಡದಾಗಿತ್ತು, ಸೂಜಿ ದಾರದಲ್ಲೇ ತೂಗುತ್ತಿತ್ತು. ಎಲ್ಲರೂ ಮುದುಕಿಯ ಕಡೆ ತಿರುಗಿದರು. ಅವಳು ಆ ಸೆರಗನ್ನು ನೋಡಿದಳು, ಸೊಸೆಯ ಮುಖ ನೋಡಿದಳು, ಮಗುವನ್ನು ನೋಡಿದಳು. ಬಲಗೈ ಸೊಂಟದ ಮೇಲೆ ಒಮ್ಮೆ ಆಡಿ ನಿಂತಿತು.

"ನಾನೇ ಕೊಟ್ಟೆ," ಅಂದಳು. "ಹೊಲಿ ಅಂತ ನಾನೇ ಬಿಚ್ಚಿ ಕೊಟ್ಟೆ."

"ಮತ್ತೆ ಕೈ?"

"ಬಚ್ಚಲಾಗೆ ಜಾರಿದೆ."

"ಇಷ್ಟೊತ್ತು ನಿನ್ ಬಾಯಿಗೂ ಹೊಲಿಗೆ ಹಾಕಿದ್ಲೇನವ್ವ ಇವ್ಳು," ಅಂದ ಮಾವ. ಒಬ್ಬಿಬ್ಬರು ನಕ್ಕರು. ಅಕ್ಕ ಆ ಮನೆಯಲ್ಲಿ ಉಳಿದಳು. ಕೊನೆಗಾಲದಲ್ಲಿ ಹಾಸಿಗೆ ಹಿಡಿದ ಅತ್ತೆಗೆ ಉಣ್ಣಿಸಿದವಳೂ ಅವಳೇ.

ನನ್ನ ತಲೆಯಲ್ಲಿ ಮಾತ್ರ ಅದು ಮುಗಿಯಲಿಲ್ಲ. ಆ ಹೊತ್ತಿಗೆ ಅವಳು ಬಂದು ವರ್ಷಗಳಾಗಿದ್ದವು. ಮೆಣಸಿನಕಾಯಿ ಕುಟ್ಟಬೇಕು ಎಂದು ಅಚ್ಚ ಕನ್ನಡದಲ್ಲೇ ಅನ್ನುತ್ತಿದ್ದಳು. ಅವತ್ತು ಅವಳಾಡಿದ್ದು ಯಾವ ಭಾಷೆಯ ಕುಟ್ಟು? ಅವಳು "ಅತ್ತೆದು" ಅಂದಳೋ, "ಅತ್ತೇನ" ಅಂದಳೋ? ನಾನು ಕೇಳಿಸಿಕೊಂಡೆನೋ, ಕೇಳಬೇಕಾದುದನ್ನು ಕಟ್ಟಿಕೊಂಡೆನೋ? ಕೆಲಸ ಸಿಕ್ಕಿ ಚಳ್ಳಕೆರೆಗೆ ಬಂದ ಮೇಲೂ ಊರಿಗೆ ಹೋದಾಗಲೆಲ್ಲ ಅವಳ ಜಗಲಿಯ ಮೇಲೆ ಕೂತು ಬರುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ, ಅವತ್ತು ನೀನು ಅಂದದ್ದೇನು ಎಂದು ಕೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನಿಂಗೆ ಕೇಳಿಸಿದ್ದೇ ಸರಿ ಐತೆ, ಬಿಡು ತಮ್ಮ" ಅಂದಳು.

ಈಗ ಕೌದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ರೇಷ್ಮೆಯ ಸುತ್ತ ದೊಡ್ಡ ಹೊಲಿಗೆ ಒಂದೂ ಇಲ್ಲ. ಎಲ್ಲವೂ ಅವಳ ಎಂದಿನ ಸಣ್ಣ, ಒತ್ತಾದ ಹೊಲಿಗೆ. ಆಮೇಲೆ ಬಿಚ್ಚಿ ಮತ್ತೆ ಹೊಲಿದಳೋ, ಮೊದಲೇ ಹೀಗಿತ್ತೋ... ಹೆಂಡತಿ ಅಡಿಗೆಮನೆಯಲ್ಲಿದ್ದಾಗ ಒಬ್ಬನೇ ಕೂತು ಎರಡೂ ಮಾತನ್ನು ಗಟ್ಟಿಯಾಗಿ ಆಡಿ ನೋಡಿದೆ. ಅತ್ತೆದು ಕುಟ್ಟಿದೆ. ಅತ್ತೇನ ಕುಟ್ಟಿದೆ. ಎರಡೂ ಅವಳ ದನಿಯಲ್ಲೇ ಕೇಳಿಸಿದವು. ಅದಲ್ಲ, ಇದು ಎಂದು ತಿದ್ದಬಲ್ಲವಳು ಇಲ್ಲ.